ಹಬ್ಬದ ಬೀದಿ ಮತ್ತು ನೆರೆಯವನ ಹಕ್ಕು

(ನಗರದ ಮಸೀದಿ ಆಡಳಿತ ಸಮಿತಿಗಳ ಪದಾಧಿಕಾರಿಗಳು, ಯುವಕರು ಹಾಗೂ ಮಹಿಳೆಯರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)





ನಮ್ಮ ನಗರಗಳ ಬೀದಿಗಳು ವರ್ಷದಲ್ಲಿ ಹಲವು ಬಾರಿ ಹಬ್ಬಕ್ಕಾಗಿ ಮುಚ್ಚಿಕೊಳ್ಳುತ್ತವೆ. ಗಣೇಶೋತ್ಸವದ ಪೆಂಡಾಲ್, ದಸರಾ ಮೆರವಣಿಗೆ, ರಾಜ್ಯೋತ್ಸವದ ವೇದಿಕೆ, ಚರ್ಚಿನ ವಾರ್ಷಿಕ ಹಬ್ಬ, ಮೀಲಾದ್ ಜಾಥಾ, ಉರೂಸ್, ರಮಝಾನಿನ ಸಂಜೆಯ ತಿನಿಸಿನ ಅಂಗಡಿಗಳು ಇವೆಲ್ಲವೂ ಬೀದಿಯನ್ನೇ ಆಶ್ರಯಿಸಿವೆ. ನಮ್ಮ ಹಳೆಯ ಬಡಾವಣೆಗಳಲ್ಲಿ ಮೈದಾನಗಳಿಲ್ಲ, ಇದ್ದ ಮೈದಾನಗಳಲ್ಲಿ ಕಟ್ಟಡಗಳು ಎದ್ದಿವೆ. ಮಧ್ಯಮ ವರ್ಗದ ಕುಟುಂಬಕ್ಕೆ ಸಭಾಭವನದ ಬಾಡಿಗೆ ಎಟಕುವುದಿಲ್ಲ. ಆದ್ದರಿಂದ ಬೀದಿಯೇ ಬಡವನ ಸಭಾಭವನವೂ ಹೌದು, ಮಕ್ಕಳ ಜಾತ್ರೆಯೂ ಹೌದು. ಹಬ್ಬದ ದಿನ ಜನರು ಬೀದಿಗೆ ಬರಲೇಬಾರದು ಎಂದು ವಾದಿಸುವುದು ನಮ್ಮ ಉದ್ದೇಶವಲ್ಲ.

ಇಂದು ನಾವು ಎತ್ತುತ್ತಿರುವ ಪ್ರಶ್ನೆ ಬೇರೆ. ಆ ಬೀದಿಯನ್ನು ಮುಚ್ಚಲು ಅಪ್ಪಣೆ ಕೊಡುವವರು ಯಾರು? ಆ ಅಪ್ಪಣೆಯನ್ನು ಯಾವ ರೀತಿಯಲ್ಲಿ ಪಡೆಯಬೇಕು? ಅದನ್ನು ಪಡೆದ ಸಮುದಾಯದ ಮೇಲೆ ಬೀಳುವ ಹೊಣೆ ಯಾವುದು? ಮೇಲ್ನೋಟಕ್ಕೆ ಇವು ಪಾಲಿಕೆಯ ಕಡತಕ್ಕೆ ಸಂಬಂಧಿಸಿದ ಸಣ್ಣ ವಿಷಯಗಳಂತೆ ಕಾಣುತ್ತವೆ. ಆದರೆ ಕಳೆದ ಹಲವು ವರ್ಷಗಳಲ್ಲಿ ದೇಶದ ನಾನಾ ಭಾಗಗಳಲ್ಲಿ ಹಬ್ಬದ ದಿನದ ಘರ್ಷಣೆಗಳು ಮೆರವಣಿಗೆಯ ಮಾರ್ಗ, ಧ್ವನಿವರ್ಧಕ ಮತ್ತು ರಸ್ತೆ ತಡೆಯ ವಿವಾದದಿಂದಲೇ ಆರಂಭವಾದುದನ್ನು ನಾವೆಲ್ಲರೂ ಬಲ್ಲೆವು. ಕಾಗದದ ಒಂದು ಹಾಳೆ ಅನೇಕ ಮನೆಗಳ ನೆಮ್ಮದಿಯನ್ನು ಕಾಯಬಲ್ಲುದು.

ಬೀದಿ ಯಾರದು?

ಮೊದಲು ಕಾನೂನಿನ ಮಾತು. ಬೀದಿಯು ನಗರಸಭೆಯ ಅಥವಾ ಪಾಲಿಕೆಯ ವಶದಲ್ಲಿದೆ ಎಂದು ನಮ್ಮ ಪೌರ ಕಾನೂನುಗಳು ಹೇಳುತ್ತವೆ. ಹಾಗೆಂದು ಅದು ಪಾಲಿಕೆಯ ಸ್ವಂತ ಸೊತ್ತಲ್ಲ. ಈ ತತ್ವವನ್ನು ಸುಪ್ರೀಮ್ ಕೋರ್ಟು 1965ರಲ್ಲಿ ವರದಿಯಾದ ಒಂದು ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ಅಂದಿನ ಉತ್ತರ ಪ್ರದೇಶದ ಮಂಗ್ಲೌರ್ ಎಂಬ ಊರಿನ ಪುರಸಭೆಯು (ಇದು ನಮ್ಮ ಮಂಗಳೂರಲ್ಲ) ರಸ್ತೆಗೆ ಸೇರಿದ ಜಾಗದಲ್ಲಿ ಮಹಾತ್ಮಾ ಗಾಂಧೀಜಿಯ ಪ್ರತಿಮೆಯನ್ನೂ ಕುಡಿಯುವ ನೀರಿನ ಅರವಟ್ಟಿಗೆಯನ್ನೂ ಓದುವ ಕೋಣೆಯನ್ನೂ ಕಟ್ಟಲು ಹೊರಟಿತ್ತು. ಉದ್ದೇಶ ಒಳ್ಳೆಯದೇ. ಆದರೂ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಬೀದಿಯನ್ನು ಸಾರ್ವಜನಿಕರ ಪರವಾಗಿ ಕಾಯುವ ವಿಶ್ವಸ್ತನಷ್ಟೇ ಪುರಸಭೆ, ದಾರಿಯ ಬಳಕೆಗೆ ಸಂಬಂಧವಿಲ್ಲದ ಕಟ್ಟಡವನ್ನು ಅದು ಅಲ್ಲಿ ಎಬ್ಬಿಸುವಂತಿಲ್ಲ ಎಂಬುದು ಅದರ ನಿಲುವಾಗಿತ್ತು. ಗಾಂಧೀಜಿಯ ಪ್ರತಿಮೆಗೇ ಇಲ್ಲದ ಸವಲತ್ತು ನಮ್ಮ ಶಾಮಿಯಾನಕ್ಕೆ ಇರಲು ಸಾಧ್ಯವೇ?

ಹಾಗಾದರೆ ಮೆರವಣಿಗೆಗೆ, ಸಭೆಗೆ ಹಕ್ಕೇ ಇಲ್ಲವೇ? ಖಂಡಿತವಾಗಿಯೂ ಇದೆ. ಧಾರ್ಮಿಕ ಮೆರವಣಿಗೆಯ ಹಕ್ಕನ್ನು ಕುರಿತ ಮೂಲಭೂತ ತೀರ್ಪು ಬಂದುದು ಮುಸ್ಲಿಮರ ನಡುವಿನ ಒಂದು ವಿವಾದದಲ್ಲಿ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. ಮುಹರ್ರಮ್ ಮೆರವಣಿಗೆಯು ಮಸೀದಿಯ ಬಳಿ ಹಾದುಹೋಗುವಾಗ ನಿಂತು ಶೋಕಾಚರಣೆ ನಡೆಸಬಹುದೇ ಎಂಬ ವಿಷಯದಲ್ಲಿ ಶಿಯಾ ಮತ್ತು ಸುನ್ನಿ ಬಾಂಧವರು ನ್ಯಾಯಾಲಯದ ಮೆಟ್ಟಿಲೇರಿದರು. ಮಂಝೂರ್ ಹಸನ್ ಪ್ರಕರಣವೆಂದು ಪ್ರಸಿದ್ಧವಾದ ಆ ವ್ಯಾಜ್ಯ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. ಧಾರ್ಮಿಕ ಮೆರವಣಿಗೆಯನ್ನು ಅದಕ್ಕೆ ತಕ್ಕ ಆಚರಣೆಗಳೊಂದಿಗೆ ಸಾರ್ವಜನಿಕ ರಸ್ತೆಯಲ್ಲಿ ಕೊಂಡೊಯ್ಯುವ ಹಕ್ಕು ಇದೆ. ಆದರೆ ಅದು ಸಂಚಾರವನ್ನು ನಿಯಂತ್ರಿಸುವ ಅಧಿಕಾರಿಗಳ ಆದೇಶಕ್ಕೂ ಮ್ಯಾಜಿಸ್ಟ್ರೇಟರ ನಿರ್ದೇಶನಕ್ಕೂ ಇತರ ಸಾರ್ವಜನಿಕರ ಹಕ್ಕಿಗೂ ಒಳಪಟ್ಟಿದೆ ಎಂದು ಕೌನ್ಸಿಲ್ ಹೇಳಿತು. ಸುಮಾರು ನೂರು ವರ್ಷಗಳ ನಂತರವೂ ಎಲ್ಲ ಧರ್ಮಗಳ ಮೆರವಣಿಗೆಗಳ ವಿಷಯದಲ್ಲಿ ವಕೀಲರು ಈ ತೀರ್ಪನ್ನು ಉಲ್ಲೇಖಿಸುತ್ತಾರೆ.

ಸ್ವಾತಂತ್ರ್ಯಾನಂತರ ಅಹಮದಾಬಾದಿನ ಹಿಮತ್‌ಲಾಲ್ ಶಾ ಪ್ರಕರಣ ಬಂತು. ಸಾರ್ವಜನಿಕ ಬೀದಿಯಲ್ಲಿ ಸಭೆ ನಡೆಸಲು ಪೊಲೀಸ್ ಆಯುಕ್ತರು ಅನುಮತಿ ನಿರಾಕರಿಸಿದ್ದರು. ಸುಪ್ರೀಮ್ ಕೋರ್ಟಿನ ಸಂವಿಧಾನ ಪೀಠವು 1972ರಲ್ಲಿ ತೀರ್ಪು ನೀಡಿ, ಅಧಿಕಾರಿಗೆ ಯಾವ ಮಾನದಂಡವನ್ನೂ ಹಾಕಿಕೊಡದೆ ಮನಬಂದಂತೆ ನಿರಾಕರಿಸುವ ಅಧಿಕಾರ ಕೊಟ್ಟಿದ್ದ ನಿಯಮವನ್ನು ರದ್ದುಪಡಿಸಿತು. ಸರಕಾರ ಸಭೆಯನ್ನು ನಿಯಂತ್ರಿಸಬಹುದು, ಸ್ಥಳ ಮತ್ತು ಸಮಯದ ಷರತ್ತು ಹಾಕಬಹುದು. ಆದರೆ ಎಲ್ಲ ಬೀದಿಗಳಲ್ಲಿಯೂ ಸಭೆಯನ್ನೇ ಇಲ್ಲವಾಗಿಸುವಂತಿಲ್ಲ.

ಈ ಮೂರು ತೀರ್ಪುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಬೀದಿ ಎಲ್ಲರದು. ಅದರಲ್ಲಿ ಹಬ್ಬ ಆಚರಿಸುವ ಹಕ್ಕು ನಮಗೂ ಇದೆ, ನೆರೆಯವನಿಗೂ ಇದೆ. ಹಬ್ಬ ಆಚರಿಸದವನಿಗೆ ಅಲ್ಲಿ ನಡೆದುಹೋಗುವ ಹಕ್ಕಿದೆ. ಈ ಹಕ್ಕುಗಳನ್ನು ತೂಗಿ ನೋಡಿ ಬರೆಯುವ ಕಾಗದವೇ ಅನುಮತಿ ಪತ್ರ.

ಶಾಶ್ವತ ಕಟ್ಟಡಗಳಿಗೂ ತಾತ್ಕಾಲಿಕ ಚಪ್ಪರಗಳಿಗೂ ಇರುವ ವ್ಯತ್ಯಾಸವನ್ನೂ ಗಮನಿಸಬೇಕು. ಸಾರ್ವಜನಿಕ ಬೀದಿಯಲ್ಲಿ ಮಂದಿರ, ಮಸೀದಿ, ಚರ್ಚು ಅಥವಾ ಗುರುದ್ವಾರದ ಹೆಸರಿನಲ್ಲಿ ಯಾವುದೇ ಅನಧಿಕೃತ ನಿರ್ಮಾಣಕ್ಕೆ ಅವಕಾಶ ನೀಡಬಾರದೆಂದು ಸುಪ್ರೀಮ್ ಕೋರ್ಟು 2009ರ ಸೆಪ್ಟೆಂಬರ್ 29ರಂದು ಆದೇಶಿಸಿತು. ತಾತ್ಕಾಲಿಕ ಪೆಂಡಾಲುಗಳ ಪ್ರಶ್ನೆ ಬಾಂಬೆ ಹೈಕೋರ್ಟಿನ ಮುಂದೆ ಬಂತು. ಥಾಣೆಯ ವೈದ್ಯರೊಬ್ಬರು ಸಲ್ಲಿಸಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ನ್ಯಾಯಮೂರ್ತಿ ಅಭಯ್ ಓಕಾ ನೇತೃತ್ವದ ಪೀಠವು 2015 ಮತ್ತು 2016ರಲ್ಲಿ ಮಹತ್ವದ ಆದೇಶಗಳನ್ನು ನೀಡಿತು. ರಸ್ತೆಯಲ್ಲಿ ಪೆಂಡಾಲ್ ಹಾಕುವುದು ಸಂವಿಧಾನದ 25ನೇ ವಿಧಿಯ ಆರಾಧನಾ ಸ್ವಾತಂತ್ರ್ಯದ ಭಾಗವಲ್ಲ, ನಡೆಯಲು ಯೋಗ್ಯವಾದ ಪಾದಚಾರಿ ಮಾರ್ಗ ನಾಗರಿಕನ ಜೀವಿಸುವ ಹಕ್ಕಿಗೆ ಸೇರಿದ್ದು ಎಂದು ಪೀಠ ಹೇಳಿತು. ಪೆಂಡಾಲುಗಳಿಗೆ ಅನುಮತಿ ನೀಡುವ ನೀತಿಯನ್ನು ರೂಪಿಸುವಂತೆ ಪಾಲಿಕೆಗಳಿಗೆ ಸೂಚಿಸಿತು. ಅದೇ ಓಕಾರವರು 2019ರಿಂದ 2021ರವರೆಗೆ ನಮ್ಮ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿದ್ದರು. ಆ ತೀರ್ಪು ಗಣೇಶೋತ್ಸವ ಮಂಡಳಿಗಳ ವಿರುದ್ಧ ಬಂದದ್ದೆಂದು ಕೆಲವರು ಸಂತಸಪಟ್ಟರು. ಅದರ ತರ್ಕವು ಉರೂಸಿನ ಶಾಮಿಯಾನಕ್ಕೂ ವಲೀಮಾದ ಊಟದ ಮೇಜಿಗೂ ಅನ್ವಯಿಸುತ್ತದೆ ಎಂಬುದನ್ನು ಅವರು ಮರೆಯಬಾರದು.

ಬಾಯಿಮಾತಿನ ಅನುಮತಿ

ಈಗ ನಮ್ಮ ಊರುಗಳಲ್ಲಿ ನಡೆಯುವ ವಾಸ್ತವವನ್ನು ನೋಡೋಣ. ಹಬ್ಬಕ್ಕೆ ಎರಡು ದಿನ ಉಳಿದಿರುವಾಗ ಕೆಲವರು ಸ್ಥಳೀಯ ಕಾರ್ಪೊರೇಟರರ ಮನೆಗೆ ಹೋಗುತ್ತಾರೆ. ಅವರು ಠಾಣೆಗೆ ಫೋನ್ ಮಾಡುತ್ತಾರೆ. ಇನ್‌ಸ್ಪೆಕ್ಟರರು "ಆಯಿತು, ಗಲಾಟೆ ಆಗದಂತೆ ನೋಡಿಕೊಳ್ಳಿ" ಎನ್ನುತ್ತಾರೆ. ಅಲ್ಲಿಗೆ ಅನುಮತಿ ದೊರೆಯಿತೆಂದು ಎಲ್ಲರೂ ಭಾವಿಸುತ್ತಾರೆ. ಎರಡು ಡ್ರಮ್ ಇಟ್ಟು, ಒಂದು ಬಿದಿರು ಅಡ್ಡ ಕಟ್ಟಿದರೆ ಬೀದಿ ಮುಚ್ಚಿಹೋಯಿತು. ಈ ಪದ್ಧತಿ ಒಂದು ಸಮುದಾಯಕ್ಕೆ ಸೀಮಿತವಲ್ಲ. ಆದರೆ ಇದರ ಬೆಲೆಯನ್ನು ಹೆಚ್ಚಾಗಿ ತೆರುವವರು ಯಾರೆಂಬುದನ್ನು ನಾವು ಆಲೋಚಿಸಬೇಕು.

ಬಾಯಿಮಾತಿನ ಅನುಮತಿಯು ಅನುಮತಿಯೇ ಅಲ್ಲ, ಅದು ಕೇವಲ ಕೃಪೆ. ಕೃಪೆ ತೋರಿದವನು ವರ್ಗವಾಗಿ ಹೋದರೆ ಅದೂ ಹೋಗುತ್ತದೆ. ಅಧಿಕಾರದಲ್ಲಿರುವ ಪಕ್ಷ ಬದಲಾದರೆ ಅದರ ಅರ್ಥವೂ ಬದಲಾಗುತ್ತದೆ. ನಾಳೆ ಯಾರೋ ದೂರು ಕೊಟ್ಟರೆ, ಫೋನಿನಲ್ಲಿ ಒಪ್ಪಿದ್ದ ಅಧಿಕಾರಿ "ನಾನು ಅನುಮತಿ ಕೊಟ್ಟಿಲ್ಲ" ಎನ್ನುತ್ತಾರೆ. ಕಾಗದವಿಲ್ಲದ ಕಾರಣ ಅವರ ಮಾತು ನಿಜವೇ ಆಗುತ್ತದೆ. ಪ್ರಕರಣ ದಾಖಲಾಗುವುದು ಬಿದಿರು ಕಟ್ಟಿದ ಯುವಕನ ಮೇಲೆ. ಸಾರ್ವಜನಿಕ ಮಾರ್ಗಕ್ಕೆ ಅಡ್ಡಿಪಡಿಸಿದ ಅಪರಾಧಕ್ಕೆ ಹಿಂದಿನ ಭಾರತೀಯ ದಂಡ ಸಂಹಿತೆಯ 283ನೇ ಸೆಕ್ಷನಿನಲ್ಲಿ ಗರಿಷ್ಠ 200 ರೂಪಾಯಿ ದಂಡವಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 285ನೇ ಸೆಕ್ಷನಿನಲ್ಲಿ ಅದು 5,000 ರೂಪಾಯಿಗಳವರೆಗೆ ಏರಿದೆ. ದಂಡ ದೊಡ್ಡದಲ್ಲವೆಂದು ತೋರಬಹುದು. ಆದರೆ ಪಾಸ್‌ಪೋರ್ಟಿಗಾಗಿ, ಗಲ್ಫಿನ ಉದ್ಯೋಗಕ್ಕಾಗಿ, ಸರಕಾರಿ ನೌಕರಿಗಾಗಿ ಪೊಲೀಸ್ ಪರಿಶೀಲನೆಯ ದಿನ ಬಂದಾಗ ಆ ಒಂದು ಪ್ರಕರಣ ಕುಟುಂಬವನ್ನು ಎಷ್ಟು ಅಲೆದಾಡಿಸುತ್ತದೆ ಎಂಬುದನ್ನು ತಾಯಂದಿರೇ ಹೇಳಬಲ್ಲರು.

2025ರ ಮಾರ್ಚಿನಲ್ಲಿ ಈದುಲ್ ಫಿತ್ರ್‌ಗೆ ಮುನ್ನ ಉತ್ತರ ಪ್ರದೇಶದ ಮೀರತ್ ಪೊಲೀಸರು ರಸ್ತೆಯಲ್ಲಿ ಈದ್ ನಮಾಝ್ ಮಾಡಿದವರ ಪಾಸ್‌ಪೋರ್ಟ್ ಮತ್ತು ಪರವಾನಗಿ ರದ್ದಾಗಬಹುದೆಂದು ಎಚ್ಚರಿಸಿದರು. ಅದೇ ರಾಜ್ಯದಲ್ಲಿ ಕಾಂವಡ್ ಯಾತ್ರೆಗಾಗಿ ಹೆದ್ದಾರಿಗಳ ಸಂಚಾರವನ್ನು ದಿನಗಟ್ಟಲೆ ಬದಲಾಯಿಸಲಾಗುತ್ತದೆ, ಯಾತ್ರಿಕರ ಮೇಲೆ ಹೆಲಿಕಾಪ್ಟರಿನಿಂದ ಹೂ ಸುರಿಯಲಾಗಿದೆ. ಯಾತ್ರಿಕರಿಗೆ ಸೌಕರ್ಯ ಒದಗಿಸಿದ್ದನ್ನು ನಾವು ಆಕ್ಷೇಪಿಸುವುದಿಲ್ಲ. ಹತ್ತು ನಿಮಿಷಗಳ ನಮಾಝಿಗೆ ಶಿಕ್ಷೆಯ ಬೆದರಿಕೆ, ದಿನಗಟ್ಟಲೆಯ ಯಾತ್ರೆಗೆ ರಾಜ್ಯದ ಆತಿಥ್ಯ ಎಂಬ ಇಬ್ಬಗೆಯನ್ನು ಆಕ್ಷೇಪಿಸುತ್ತೇವೆ. ಕಾನೂನಿನ ಮುಂದೆ ಎಲ್ಲರೂ ಸಮಾನರು ಎನ್ನುವ 14ನೇ ವಿಧಿಗೆ ಇದಕ್ಕಿಂತ ದೊಡ್ಡ ಅಣಕ ಬೇರೆ ಇಲ್ಲ.

ಆದರೆ ತಾರತಮ್ಯವನ್ನು ಸಾಬೀತುಪಡಿಸುವುದು ಹೇಗೆ? ಆವೇಶದ ಭಾಷಣದಿಂದ ಅದು ಸಾಧ್ಯವಿಲ್ಲ. ನಾವು ಲಿಖಿತ ಅರ್ಜಿ ಸಲ್ಲಿಸಿರಬೇಕು, ಅದಕ್ಕೆ ಸ್ವೀಕೃತಿ ಪಡೆದಿರಬೇಕು, ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಿರಬೇಕು. ಅದೇ ಬೀದಿಯಲ್ಲಿ ಇತರರಿಗೆ ನೀಡಿದ ಅನುಮತಿಯ ಪ್ರತಿಯನ್ನು 2005ರ ಮಾಹಿತಿ ಹಕ್ಕು ಕಾನೂನಿನಡಿ ಕೋರಬಹುದು. ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟಾಗ ತಾರತಮ್ಯ ತಾನಾಗಿಯೇ ಮಾತನಾಡುತ್ತದೆ. ಅರ್ಜಿಯನ್ನೇ ಸಲ್ಲಿಸದವನ ದೂರಿಗೆ ಯಾವ ನ್ಯಾಯಾಲಯ ಕಿವಿಗೊಟ್ಟೀತು?

ಇನ್ನೊಂದು ಎಚ್ಚರಿಕೆಯೂ ಅಗತ್ಯ. ನಿಯಮವನ್ನು ಯಾರನ್ನೋ ಗುರಿಯಾಗಿಸಿ ರೂಪಿಸಿದರೂ ಅದು ಅವರಲ್ಲಿಗೇ ನಿಲ್ಲುವುದಿಲ್ಲ. 2025ರ ಅಕ್ಟೋಬರ್ 18ರಂದು ನಮ್ಮ ರಾಜ್ಯ ಸರಕಾರವು ಖಾಸಗಿ ಸಂಘಟನೆಗಳು ಸರಕಾರಿ ಜಾಗ, ರಸ್ತೆ, ಮೈದಾನಗಳನ್ನು ಬಳಸಲು ಪೂರ್ವಾನುಮತಿ ಪಡೆಯಬೇಕೆಂದು ಆದೇಶಿಸಿತು. ಒಂದು ನಿರ್ದಿಷ್ಟ ಸಂಘಟನೆಯ ಪಥಸಂಚಲನದ ಸುತ್ತ ಎದ್ದ ವಿವಾದವೇ ಅದರ ಹಿನ್ನೆಲೆಯಾಗಿತ್ತು. ಹತ್ತೇ ದಿನಗಳಲ್ಲಿ ಹೈಕೋರ್ಟಿನ ಧಾರವಾಡ ಪೀಠ ಅದಕ್ಕೆ ಮಧ್ಯಂತರ ತಡೆ ನೀಡಿತು. ಇಂತಹ ವಿಶಾಲ ಆದೇಶಗಳನ್ನು ಕಂಡು ನಮ್ಮಲ್ಲಿ ಕೆಲವರು ಹರ್ಷಿಸುವುದುಂಟು. ಇಂದು ಇನ್ನೊಬ್ಬರ ಸಭೆಯನ್ನು ತಡೆಯುವ ಲೇಖನಿಯು ನಾಳೆ ನಮ್ಮ ಇಫ್ತಾರ್ ಕೂಟವನ್ನೂ ತಡೆಯಬಲ್ಲುದು ಎಂಬುದನ್ನು ಅವರು ಅರಿಯಬೇಕು. ನಮಗೆ ಬೇಕಿರುವುದು ಸ್ಪಷ್ಟವಾದ, ಸೀಮಿತವಾದ, ಎಲ್ಲರಿಗೂ ಒಂದೇ ಆದ ನಿಯಮ.

ದಾರಿಯ ಹಕ್ಕು

ಇದುವರೆಗೆ ನಾವು ಆಡಳಿತದ ಕಡೆ ಬೆರಳು ತೋರಿದೆವು. ಆದರೆ ವಿಶ್ವಾಸಿಗೆ ಕಾನೂನು ಕೊನೆಯ ಮಾತಲ್ಲ. ದಾರಿಗೂ ಹಕ್ಕುಗಳಿವೆ ಎಂದು ಜಗತ್ತಿಗೆ ಕಲಿಸಿದವರು ಪ್ರವಾದಿ ಮುಹಮ್ಮದ್(ಸ)ರು. ಜನರು ದಾರಿಯ ಬದಿಯಲ್ಲಿ ಕುಳಿತು ಹರಟುವುದನ್ನು ಅವರು ಮೊದಲು ನಿರುತ್ತೇಜಿಸಿದರು. ಕುಳಿತುಕೊಳ್ಳದೆ ಬೇರೆ ದಾರಿಯಿಲ್ಲವೆಂದು ಅನುಚರರು ಹೇಳಿಕೊಂಡಾಗ, ಹಾಗಾದರೆ ದಾರಿಗೆ ಅದರ ಹಕ್ಕನ್ನು ಕೊಡಿರಿ ಎಂಬ ಅರ್ಥದಲ್ಲಿ ಉಪದೇಶಿಸಿದರು. ದೃಷ್ಟಿಯನ್ನು ತಗ್ಗಿಸುವುದು, ಯಾರಿಗೂ ತೊಂದರೆ ಕೊಡದಿರುವುದು, ಸಲಾಮಿಗೆ ಉತ್ತರಿಸುವುದು, ಒಳಿತನ್ನು ಬೋಧಿಸಿ ಕೆಡುಕನ್ನು ತಡೆಯುವುದು ಆ ಹಕ್ಕಿನಲ್ಲಿ ಸೇರಿವೆ. ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದನ್ನು ಅವರು ಈಮಾನಿನ ಶಾಖೆಗಳಲ್ಲಿ ಒಂದಾಗಿ ಎಣಿಸಿದರು.

ಈ ಹದೀಸನ್ನು ಗಮನವಿಟ್ಟು ನೋಡಿ. ಅದರಲ್ಲಿ ನಿಷೇಧವೂ ಇಲ್ಲ, ನಿರ್ಲಕ್ಷ್ಯವೂ ಇಲ್ಲ. ಜನರ ಅಗತ್ಯವನ್ನು ಒಪ್ಪಿಕೊಳ್ಳಲಾಯಿತು, ಜೊತೆಗೆ ಷರತ್ತುಗಳನ್ನು ವಿಧಿಸಲಾಯಿತು. ಷರತ್ತುಬದ್ಧ ಅನುಮತಿ ಎಂದು ಇಂದಿನ ಪಾಲಿಕೆಯ ಭಾಷೆಯಲ್ಲಿ ಕರೆಯುವುದು ಇದನ್ನೇ ಅಲ್ಲವೇ?

ಇಸ್ಲಾಮ್ ಹಬ್ಬದ ಸಂತಸಕ್ಕೆ ವಿರೋಧಿಯಲ್ಲ. ಈದ್ ದಿನ ಅಬಿಸೀನಿಯದ ಜನರು ಮಸೀದಿಯ ಅಂಗಳದಲ್ಲಿ ಭರ್ಜಿಯ ಆಟವಾಡಿದಾಗ ಪ್ರವಾದಿ(ಸ)ರು ಅದನ್ನು ತಡೆಯಲಿಲ್ಲ; ಪತ್ನಿ ಆಯಿಶಾ(ರ)ರಿಗೂ ಅದನ್ನು ನೋಡಲು ಅವಕಾಶ ಮಾಡಿಕೊಟ್ಟರು. ಈದ್ ನಮಾಝಿಗೆ ಅವರು ಒಂದು ದಾರಿಯಲ್ಲಿ ಹೋಗಿ ಇನ್ನೊಂದು ದಾರಿಯಲ್ಲಿ ಮರಳುತ್ತಿದ್ದರು. ಆದರೆ ಆ ನಮಾಝ್ ನಡೆಯುತ್ತಿದ್ದುದು ಬಯಲಿನ ಈದ್‌ಗಾಹ್‌ನಲ್ಲಿ. ಜನರು ನಡೆದಾಡುವ ದಾರಿಯ ಮಧ್ಯೆ ನಮಾಝ್ ಮಾಡುವುದನ್ನು ಫಿಕ್‌ಹ್ ಪಂಡಿತರು ಅಹಿತಕರವೆಂದೇ ಎಣಿಸಿದ್ದಾರೆ. ಹೀಗಿರುವಾಗ ಜಾಗ ಸಾಲದ ಮಸೀದಿಗಳು ಎರಡು ಪಾಳಿಯಲ್ಲಿ ಜಮಾಅತ್ ಏರ್ಪಡಿಸುವುದು, ಶಾಲಾ ಮೈದಾನಕ್ಕೆ ಮೊದಲೇ ಅರ್ಜಿ ಹಾಕುವುದು, ಈದ್‌ಗಾಹ್‌ಗಳನ್ನು ಜೀವಂತವಾಗಿಡುವುದು ನಿರ್ಬಂಧಕ್ಕೆ ತಲೆಬಾಗುವುದಲ್ಲ, ಸುನ್ನತ್ತಿಗೆ ಮರಳುವುದಾಗಿದೆ. ಬೇರೆ ದಾರಿಯೇ ಇಲ್ಲದೆ ಕೆಲವು ಸಾಲುಗಳು ರಸ್ತೆಗೆ ಬಂದರೆ ಅದಕ್ಕೂ ಅನುಮತಿ ಪಡೆಯಬೇಕು, ಅವಧಿ ಮುಗಿದೊಡನೆ ಚಾಪೆ ಸುತ್ತಬೇಕು.

ಅಗತ್ಯಕ್ಕೂ ಆಡಂಬರಕ್ಕೂ ಗೆರೆ ಎಳೆಯಬೇಕಾದುದು ಇಲ್ಲಿಯೇ. ಪ್ರವಾದಿ ಪ್ರೇಮದ ಹೆಸರಿನಲ್ಲಿ ಮಧ್ಯರಾತ್ರಿಯವರೆಗೆ ಡಿಜೆ ಹಾಕಿ, ಬೈಕುಗಳ ಸೈಲೆನ್ಸರ್ ತೆಗೆದು ಆಸ್ಪತ್ರೆಯ ಮುಂದೆ ಕೂಗುತ್ತಾ ಸಾಗುವ ಕೆಲವು ಯುವಕರು ಯಾರ ಸಂದೇಶವನ್ನು ಸಾರುತ್ತಿದ್ದಾರೆ? ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸಬಾರದೆಂಬುದು 2000ದ ಶಬ್ದಮಾಲಿನ್ಯ ನಿಯಮಗಳ ಸಾಮಾನ್ಯ ನಿರ್ಬಂಧ. ಆದರೆ ಕಾಯಿಲೆ ಬಿದ್ದ ನೆರೆಯವನ ನಿದ್ದೆಗೆಡಿಸಬಾರದೆಂದು ತಿಳಿಯಲು ವಿಶ್ವಾಸಿಗೆ ಆ ನಿಯಮಗಳ ಅಗತ್ಯವಿಲ್ಲ.

ದೂರು ನೀಡುವ ನೆರೆಯವನು

ಬೆಂಗಳೂರಿನ ಫ್ರೇಜರ್ ಟೌನಿನ ಮಾಸ್ಕ್ ರಸ್ತೆಯ ರಮಝಾನ್ ಆಹಾರ ಮೇಳ ನಿಮಗೆಲ್ಲ ಗೊತ್ತು. ಎಲ್ಲ ಧರ್ಮಗಳ ಜನರು ಅಲ್ಲಿಗೆ ಬಂದು ಹಲೀಮ್, ಸಮೋಸ ಸವಿಯುತ್ತಿದ್ದರು. ಅನೇಕ ಬಡ ಕುಟುಂಬಗಳಿಗೆ ಅದು ಒಂದು ತಿಂಗಳ ಸಂಪಾದನೆಯಾಗಿತ್ತು. 2023ರಲ್ಲಿ ಸಂಚಾರ ದಟ್ಟಣೆ, ಕಸ ಮತ್ತು ಗದ್ದಲದ ಬಗ್ಗೆ ನಿವಾಸಿಗಳ ಸಂಘಟನೆಯ ಆಕ್ಷೇಪದ ಬಳಿಕ ಮಳಿಗೆಗಳಿಗೆ ಅವಕಾಶ ದೊರೆಯಲಿಲ್ಲ. ಇದನ್ನು ಮುಸ್ಲಿಮ್ ವಿರೋಧವೆಂದು ತಕ್ಷಣ ಬಣ್ಣಿಸುವುದು ಸುಲಭ. ದೂರುಗಳ ಹಿಂದೆ ಕೆಲವೊಮ್ಮೆ ದ್ವೇಷವೂ ಇರುತ್ತದೆ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಮಧ್ಯರಾತ್ರಿ ಮಗುವನ್ನು ಆಸ್ಪತ್ರೆಗೆ ಒಯ್ಯಬೇಕಾದ ತಂದೆ, ಗೇಟಿನ ಮುಂದೆ ನಿಂತ ಕಾರುಗಳ ನಡುವೆ ಸಿಕ್ಕಿಬಿದ್ದರೆ, ಅವನ ಕೋಪವನ್ನು ದ್ವೇಷವೆನ್ನಲಾಗದು. ಆ ತಂದೆ ಮುಸ್ಲಿಮನೂ ಆಗಿರಬಹುದು.

ಜನಸಂದಣಿಯ ಅಪಾಯವನ್ನು ನಮ್ಮ ರಾಜ್ಯ ಕಣ್ಣಾರೆ ಕಂಡಿದೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕ್ರಿಕೆಟ್ ವಿಜಯೋತ್ಸವದ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಪೂರ್ವಾನುಮತಿ ಇತ್ತೇ, ಪೊಲೀಸರಿಗೆ ಸಿದ್ಧತೆಯ ಸಮಯ ಸಿಕ್ಕಿತ್ತೇ ಎಂಬ ಪ್ರಶ್ನೆಗಳು ಆ ಬಳಿಕ ಎದ್ದವು. ಜೀವಗಳು ಹೋದ ಮೇಲೆ ಕೇಳುವ ಈ ಪ್ರಶ್ನೆಗಳನ್ನು ಮೊದಲೇ ಕೇಳುವುದಕ್ಕಾಗಿ ಅನುಮತಿಯ ವ್ಯವಸ್ಥೆ ಇದೆ.

ಬೇರೆ ದೇಶಗಳಲ್ಲಿ ಇದಕ್ಕೆ ನಿಶ್ಚಿತ ಕ್ರಮವಿದೆ. ನ್ಯೂಯಾರ್ಕ್ ನಗರದಲ್ಲಿ ಒಂದು ಓಣಿಯ ನಿವಾಸಿಗಳು ತಮ್ಮ ಬೀದಿಯನ್ನು ಒಂದು ದಿನ ಮುಚ್ಚಿ ಕೂಟ ನಡೆಸಬೇಕಾದರೆ ಅರವತ್ತು ದಿನಗಳ ಮೊದಲು ಅರ್ಜಿ ಸಲ್ಲಿಸಬೇಕು, ಶುಲ್ಕ 25 ಡಾಲರ್. ಆ ಅರ್ಜಿ ಸ್ಥಳೀಯ ಸಮುದಾಯ ಮಂಡಳಿಯ ಮುಂದೆ ಹೋಗುತ್ತದೆ. ಹಬ್ಬದ ಮಧ್ಯೆಯೂ ಅಗ್ನಿಶಾಮಕ ವಾಹನ ಮತ್ತು ಆಂಬುಲೆನ್ಸ್‌ಗಾಗಿ 15 ಅಡಿಯ ದಾರಿಯನ್ನು ತೆರವಾಗಿಡಬೇಕು. ನಮ್ಮ ಇಕ್ಕಟ್ಟಾದ ಗಲ್ಲಿಗಳಲ್ಲಿ 15 ಅಡಿಯೇ ಇಲ್ಲದಿರಬಹುದು. ಆದರೆ ಆಂಬುಲೆನ್ಸ್ ಬಂದರೆ ಯಾವ ಕಡೆಯಿಂದ ಬರಬೇಕು, ಮೇಜುಗಳನ್ನು ಸರಿಸುವವರು ಯಾರು ಎಂದು ಮೊದಲೇ ನಿಶ್ಚಯಿಸಲು ಯಾವ ಅಗಲವೂ ಬೇಕಿಲ್ಲ.

ಬೀದಿಯ ಸೌಹಾರ್ದಕ್ಕೆ ನಮ್ಮ ನೆಲದಲ್ಲಿ ಮಾದರಿಗಳ ಕೊರತೆಯಿಲ್ಲ. ಬೆಂಗಳೂರಿನ ಕರಗವು ತನ್ನ ರಾತ್ರಿಯ ಮೆರವಣಿಗೆಯಲ್ಲಿ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಭೇಟಿ ನೀಡುವ ಸಂಪ್ರದಾಯ ಇಂದಿಗೂ ಇದೆ. ಇತ್ತೀಚಿನ ಇನ್ನೊಂದು ಉದಾಹರಣೆ ಮುಂಬಯಿಯದು. 2023ರ ಸೆಪ್ಟೆಂಬರ್ 28ರಂದು ಮೀಲಾದ್ ಮತ್ತು ಗಣೇಶ ವಿಸರ್ಜನೆ ಒಂದೇ ದಿನ ಬಂದವು. ಅಲ್ಲಿನ ಖಿಲಾಫತ್ ಕಮಿಟಿಯು ತನ್ನ ಮೆರವಣಿಗೆಯನ್ನು ಮರುದಿನಕ್ಕೆ ಮುಂದೂಡಿತು. 2024 ಮತ್ತು 2025ರಲ್ಲಿಯೂ ಹಬ್ಬಗಳು ಹತ್ತಿರ ಬಂದಾಗ ಮುಂಬಯಿಯ ಮೀಲಾದ್ ಮೆರವಣಿಗೆಯ ದಿನ ಬದಲಾಯಿತು, ಸರಕಾರ ರಜೆಯ ದಿನವನ್ನೂ ಅದಕ್ಕೆ ಹೊಂದಿಸಿತು. ಇದರಿಂದ ಪ್ರವಾದಿ(ಸ)ರ ಮೇಲಿನ ಪ್ರೀತಿ ಕಡಿಮೆಯಾಯಿತೇ? ಬದಲಾಗಿ, ಲಕ್ಷಾಂತರ ಜನರು ಸೇರುವ ಆ ಬೀದಿಗಳಲ್ಲಿ ಒಂದು ಆತಂಕ ದೂರವಾಯಿತು.

ನಾವು ಮಾಡಬೇಕಾದುದೇನು?

ಪ್ರಥಮವಾಗಿ, ಪ್ರತಿ ಮಸೀದಿಯ ಆಡಳಿತ ಸಮಿತಿಯು ವರ್ಷದ ಆರಂಭದಲ್ಲಿಯೇ ತನ್ನ ಮೊಹಲ್ಲಾದ ಬೀದಿಯ ಅಗತ್ಯವಿರುವ ಕಾರ್ಯಕ್ರಮಗಳ ಪಟ್ಟಿ ಮಾಡಲಿ. ಯಾವುದನ್ನು ಮಸೀದಿಯ ಅಂಗಳ, ಮದ್ರಸ ಅಥವಾ ಸಭಾಭವನದಲ್ಲಿ ನಡೆಸಬಹುದೋ ಅದನ್ನು ಬೀದಿಗೆ ತರುವುದು ಬೇಡ.

ದ್ವಿತೀಯವಾಗಿ, ಕನಿಷ್ಠ ಒಂದು ತಿಂಗಳ ಮೊದಲು ಲಿಖಿತ ಅರ್ಜಿ ಸಲ್ಲಿಸಲಿ. ರಸ್ತೆ ಅವುಗಳ ವಶದಲ್ಲಿರುವ ಕಾರಣ ಪಾಲಿಕೆಗೆ ಅಥವಾ ಪುರಸಭೆಗೆ, ಭದ್ರತೆ ಮತ್ತು ಧ್ವನಿವರ್ಧಕಕ್ಕಾಗಿ ಪೊಲೀಸರಿಗೆ, ದೀಪಾಲಂಕಾರಕ್ಕಾಗಿ ವಿದ್ಯುತ್ ಕಂಪೆನಿಗೆ ಪ್ರತ್ಯೇಕವಾಗಿ ಬರೆಯಬೇಕು. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ಬಂದಿರುವುದರಿಂದ ತಮ್ಮ ಬಡಾವಣೆ ಯಾವುದಕ್ಕೆ ಸೇರಿದೆಯೆಂದು ಮೊದಲು ತಿಳಿದುಕೊಳ್ಳಬೇಕು. ವಾಹನ ಸಂಚಾರವನ್ನು ತಾತ್ಕಾಲಿಕವಾಗಿ ನಿರ್ಬಂಧಿಸುವ ಅಧಿಕಾರ 1988ರ ಮೋಟಾರು ವಾಹನ ಕಾನೂನಿನ 115ನೇ ಸೆಕ್ಷನಿನಲ್ಲಿದೆ. ನಿರ್ಬಂಧ ಒಂದು ತಿಂಗಳಿಗಿಂತ ಹೆಚ್ಚಿನದಲ್ಲದಿದ್ದರೆ ರಾಜ್ಯಪತ್ರದಲ್ಲಿ ಪ್ರಕಟಿಸಬೇಕಾಗಿಲ್ಲ, ಆದರೆ ಸ್ಥಳೀಯವಾಗಿ ಪ್ರಚಾರ ನೀಡಬೇಕು ಎಂದು ಅದೇ ಸೆಕ್ಷನ್ ಹೇಳುತ್ತದೆ. ಅಂದರೆ ಎರಡು ಡ್ರಮ್ ಮತ್ತು ಒಂದು ಬಿದಿರಿಗೆ ರಸ್ತೆ ಮುಚ್ಚುವ ಅಧಿಕಾರ ಇಲ್ಲ.

ತೃತೀಯವಾಗಿ, ಅರ್ಜಿಯನ್ನು ಕೊಡುವ ಮೊದಲು ಬೀದಿಯ ಪ್ರತಿ ಮನೆಯ ಬಾಗಿಲು ತಟ್ಟಿ. ಹಿಂದೂ, ಕ್ರೈಸ್ತ, ಮುಸ್ಲಿಮ್ ಎಂಬ ಭೇದವಿಲ್ಲದೆ ಎಲ್ಲರಿಗೂ ದಿನ, ವೇಳೆ ಮತ್ತು ಬದಲಿ ದಾರಿಯನ್ನು ತಿಳಿಸಿ. ಹಾಸಿಗೆ ಹಿಡಿದವರು, ಹೆರಿಗೆಯ ದಿನ ಹತ್ತಿರವಾದವರು, ಪರೀಕ್ಷೆಗೆ ಓದುವ ಮಕ್ಕಳು ಇರುವ ಮನೆಗಳನ್ನು ಗುರುತಿಸಿಕೊಳ್ಳಿ. ಈ ಕೆಲಸಕ್ಕೆ ನಮ್ಮ ಸಹೋದರಿಯರಷ್ಟು ಯೋಗ್ಯರು ಬೇರೆ ಯಾರೂ ಇಲ್ಲ. ದುರದೃಷ್ಟವಶಾತ್ ಬೀದಿಯ ಹಬ್ಬಗಳನ್ನು ಯೋಜಿಸುವ ಸಭೆಗಳಿಗೆ ಅವರನ್ನು ಕರೆಯುವುದೇ ಅಪರೂಪ.

ಚತುರ್ಥವಾಗಿ, ಅನುಮತಿಯಲ್ಲಿ ಹತ್ತು ಗಂಟೆಯೆಂದು ಬರೆದಿದ್ದರೆ ಹತ್ತಕ್ಕೆ ಬೀದಿ ತೆರೆದಿರಬೇಕು. ಮರುದಿನ ಬೆಳಿಗ್ಗೆ ಪೌರ ಕಾರ್ಮಿಕರು ಬರುವ ಮೊದಲು ಎಲೆ, ಲೋಟ, ಮೂಳೆ, ಬಂಟಿಂಗ್ ಎಲ್ಲವನ್ನೂ ಯುವಕರೇ ತೆಗೆದಿರಬೇಕು. ಎರವಲು ಪಡೆದ ವಸ್ತುವನ್ನು ಅದು ಇದ್ದ ಸ್ಥಿತಿಯಲ್ಲಿ ಮರಳಿಸುವುದು ಅಮಾನತ್ತಿನ ಕನಿಷ್ಠ ಶಿಷ್ಟಾಚಾರ. ಬೀದಿಯೂ ಒಂದು ದಿನದ ಎರವಲೇ.

ಇನ್ನು ಆಡಳಿತಕ್ಕೆ ನಮ್ಮ ಬೇಡಿಕೆ. ಬೆಂಗಳೂರಿನಲ್ಲಿ ಗಣೇಶೋತ್ಸವದ ಪೆಂಡಾಲುಗಳಿಗಾಗಿ ಪಾಲಿಕೆ, ಪೊಲೀಸ್, ವಿದ್ಯುತ್ ಮತ್ತು ಅಗ್ನಿಶಾಮಕ ಇಲಾಖೆಗಳು ಒಂದೆಡೆ ಸೇರಿ ಅರ್ಜಿ ಸ್ವೀಕರಿಸುವ ಏಕಗವಾಕ್ಷಿ ಕೇಂದ್ರಗಳನ್ನು ತೆರೆಯುವ ಪದ್ಧತಿ ಬಂದಿದೆ. ಇದು ಸ್ವಾಗತಾರ್ಹ. ಆ ಕಿಟಕಿ ವರ್ಷವಿಡೀ ತೆರೆದಿರಲಿ. ಕನ್ನಡ ರಾಜ್ಯೋತ್ಸವ, ಅಂಬೇಡ್ಕರ್ ಜಯಂತಿ, ಕ್ರಿಸ್ಮಸ್, ಮೀಲಾದ್ ಮತ್ತು ಬಡಾವಣೆಯ ಮಕ್ಕಳ ದಿನಾಚರಣೆ ಎಲ್ಲದಕ್ಕೂ ಒಂದೇ ಅರ್ಜಿ ನಮೂನೆ, ಒಂದೇ ಠೇವಣಿ, ಒಂದೇ ಕಾಲಮಿತಿ ಇರಲಿ. ರಾಜ್ಯದ ಎಲ್ಲ ನಗರಸಭೆ, ಪುರಸಭೆಗಳಿಗೂ ಅದು ವಿಸ್ತರಿಸಲಿ. ನೀಡಿದ ಮತ್ತು ನಿರಾಕರಿಸಿದ ಅನುಮತಿಗಳ ಪಟ್ಟಿಯನ್ನು ಸೂಚನಾ ಫಲಕದಲ್ಲಿ ಹಾಕಲಿ. ಆಗ ಯಾವ ಸಮುದಾಯಕ್ಕೂ ಯಾರ ಮನೆಯ ಬಾಗಿಲಲ್ಲಿಯೂ ಕೈಕಟ್ಟಿ ನಿಲ್ಲುವ ಅಗತ್ಯ ಬೀಳದು. ಪಕ್ಷಪಾತ ಮಾಡುವ ಅಧಿಕಾರಿಗೆ ಅಡಗಿಕೊಳ್ಳಲು ಜಾಗವೂ ಉಳಿಯದು.

ಸಹೋದರರೇ, ಹಕ್ಕನ್ನು ಕೇಳುವವನ ಕೈಯಲ್ಲಿ ಅರ್ಜಿ ಇರಬೇಕು, ಅವನ ನಡತೆಯಲ್ಲಿ ಕರ್ತವ್ಯ ಕಾಣಬೇಕು. ಇವೆರಡರಲ್ಲಿ ಒಂದನ್ನು ಬಿಟ್ಟರೂ ನಮ್ಮ ಮಾತಿಗೆ ತೂಕವಿರದು. ಮುಂದಿನ ಹಬ್ಬಕ್ಕೆ ಇನ್ನೂ ಸಮಯವಿದೆ. ಈ ಸಭೆಯಿಂದ ಮರಳಿದ ಕೂಡಲೇ ಪ್ರತಿ ಸಮಿತಿಯೂ ಆ ಅರ್ಜಿಯನ್ನು ಬರೆಯಲು ಕುಳಿತುಕೊಳ್ಳಲಿ. ನಮ್ಮ ಹಬ್ಬಗಳು ನಮ್ಮ ನೆರೆಹೊರೆಯವರಿಗೂ ಸಂತಸದ ದಿನಗಳಾಗುವಂತೆ ಅಲ್ಲಾಹನು ಅನುಗ್ರಹಿಸಲಿ. ಆಮೀನ್.